ದಿವಂಗತ ಬಾಗಿ ಅಮ್ಮ ಸ್ಮಾರಕ ಸುಮೋ ಯಂತ್ರ

ನವಿ ಮುಂಬಯಿಯ ಘಣಸೋಲಿಯಲ್ಲಿರುವ ನಮ್ಮ ಕನ್ನಡ ಸಂಘದಲ್ಲಿ ದಾನಿಯ ಹೆಸರಿಲ್ಲದ ವಸ್ತು ಒಂದೂ ಇಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಇದ್ದ ಸಂಗತಿಯನ್ನು ದಾಖಲಿಸುತ್ತಿದ್ದೇನೆ. ಸಭಾಂಗಣದ ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಮೂವರು ಅಣ್ಣತಮ್ಮಂದಿರ ಹೆಸರಿದೆ. ಅವರು ಒಬ್ಬರಿಗೊಬ್ಬರು ಮಾತು ಬಿಟ್ಟು ವರ್ಷಗಳಾದವು, ಆದರೂ ಗುಂಡಿ ಒತ್ತಿದರೆ ಒಟ್ಟಿಗೇ ತಿರುಗುತ್ತಾರೆ. ಸ್ಟೀಲ್ ಲೋಟದಲ್ಲಿ ನೀರು ಕುಡಿಯುವವರು ಯಾರ ಸ್ಮರಣಾರ್ಥ ಕುಡಿಯುತ್ತಿದ್ದೇವೆಂದು ಮೊದಲು ಓದಿಕೊಂಡು ಆಮೇಲೆ ಕುಡಿಯುವುದು ಇಲ್ಲಿಯ ವಾಡಿಕೆ. ಗಾಳಿಯೊಂದಕ್ಕೆ ದಾನಿ ಇಲ್ಲವಲ್ಲ ಎಂದು ಹೊಸ ಸದಸ್ಯರೊಬ್ಬರು ತಮಾಷೆ ಮಾಡಿದ್ದರು. ಗಾಳಿ ಫ್ಯಾನಿನಿಂದಲೇ ಬರುತ್ತದೆ ಎಂಬುದನ್ನು ಅವರ ಗಮನಕ್ಕೆ ತರಲಾಯಿತು.

ನಾನು ಈ ಸಂಘದ ಗೌರವ ಜೊತೆ ಕಾರ್ಯದರ್ಶಿ, ಸರ್ವೋತ್ತಮ. ಹೆಸರುಗಳಲ್ಲಿ ಒತ್ತಕ್ಷರ ತಪ್ಪದಂತೆ, ಒಬ್ಬರ ಫಲಕ ಇನ್ನೊಬ್ಬರ ಫಲಕಕ್ಕಿಂತ ಕೆಳಗೆ ಬಾರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇಬ್ಬರ ಫಲಕವೂ ಮೇಲೇ ಬರಬೇಕಾದಾಗ ಗೋಡೆಯನ್ನು ದೂರುವುದೂ ನನ್ನ ಕೆಲಸವೇ.

ಸಂಘ ಒಂದು ತಾಂತ್ರಿಕ ವಿದ್ಯಾಲಯವನ್ನೂ ನಡೆಸುತ್ತದೆ. ಅದರಲ್ಲಿ ಸುಸಜ್ಜಿತವಾದ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ಉಂಟು. ಸುಸಜ್ಜಿತ ಎಂದರೆ ಯಕ್ಷಗಾನದ ಕಿರೀಟಗಳು, ಮಡಚುವ ಕುರ್ಚಿಗಳು, ಅನ್ನ ಬೇಯಿಸುವ ಹಂಡೆಗಳು, ಹಳೆಯ ಬ್ಯಾನರುಗಳು ಎಲ್ಲವೂ ಅಲ್ಲಿ ಸುರಕ್ಷಿತವಾಗಿವೆ. ಅವುಗಳ ಸುರಕ್ಷತೆಗಾಗಿ ಬೀಗ ಹಾಕಿದೆ. ವಿದ್ಯಾರ್ಥಿಗಳು ವಿದ್ಯುತ್ತನ್ನು ಕರಿಹಲಗೆಯ ಮೇಲೆ ಕಲಿಯುತ್ತಾರೆ. ಇಷ್ಟು ವರ್ಷಗಳಲ್ಲಿ ಒಬ್ಬನಿಗೂ ಶಾಕ್ ಹೊಡೆದಿಲ್ಲವೆಂದು ಪ್ರಾಚಾರ್ಯ ಲತೇಶರು ಪ್ರತಿ ವಾರ್ಷಿಕೋತ್ಸವದಲ್ಲೂ ಹೇಳುತ್ತಾರೆ, ನಾವೂ ಪ್ರತಿ ಸಲ ಚಪ್ಪಾಳೆ ತಟ್ಟುತ್ತೇವೆ.

ಹೀಗೆ ಎಲ್ಲವೂ ಸರಿಯಾಗಿದ್ದ ಕಾಲದಲ್ಲಿ ಇಬ್ಬರು ವಿದ್ಯಾರ್ಥಿಗಳು ಕಾರ್ಯಕಾರಿ ಸಮಿತಿಯ ಸಭೆಗೆ ಬಂದು ಪ್ರಯೋಗಾಲಯದ ಬೀಗದ ಕೈ ಕೇಳಿದರು.

ಒಬ್ಬಳು ಪ್ರೇಕ್ಷಾ. ಕೊನೆಯ ವರ್ಷದವಳು, ದಿವಾದ ಹುಡುಗಿ. ತಂದೆ ಡೊಂಬಿವಿಲಿಯ ಒಂದು ಹೋಟೆಲಿನಲ್ಲಿ ಮಾಣಿಗಳ ಮೇಲಿನ ಕ್ಯಾಪ್ಟನ್. ಮನೆ ಎಂದರೆ ಒಂದೇ ಕೋಣೆ. ತಾಯಿ ಅಡುಗೆ ಮುಗಿಸಿ ಒಲೆ ಕೆಳಗಿಳಿಸಿದ ಮೇಲೆ ಅದೇ ಕಟ್ಟೆಯ ಮೇಲೆ ಇವಳ ತಂತಿ ಬೆಸೆಯುವ ಸೋಲ್ಡರಿಂಗ್. ಆ ಹೊಗೆಗೆ ಅಜ್ಜಿಗೆ ಕೆಮ್ಮು ಹತ್ತುತ್ತದೆ. ಅಜ್ಜಿ ಕೆಮ್ಮಿದಾಗಲೆಲ್ಲ ಹುಡುಗಿ ಕೆಲಸ ನಿಲ್ಲಿಸಿ ಕಿಟಕಿ ತೆಗೆಯಬೇಕು, ಕಿಟಕಿ ತೆಗೆದರೆ ರೈಲಿನ ಧೂಳು. ಇನ್ನೊಬ್ಬ ಅಂಬರೀಶ. ತುರ್ಭೆಯವನು, ಅವನ ತಂದೆ ಯಂಕಪ್ಪ ಕಲಬುರಗಿ ಕಡೆಯಿಂದ ಬಂದು ಮೂಟೆ ಹೊರುವವರು. ಕಬ್ಬಿಣ ಕೊಯ್ಯುವುದು, ಗಾಲಿ ಎರಕ ಹೊಯ್ಯುವುದು ಅಂಬರೀಶನ ಕೆಲಸ, ತಲೆ ಪ್ರೇಕ್ಷಾಳದ್ದು.

ಅವರು ಸುಮೋ ಯಂತ್ರ ಮಾಡುತ್ತಿದ್ದರು. ಜಪಾನಿನಲ್ಲಿ ದಪ್ಪನೆಯ ಜಟ್ಟಿಗಳು ಒಬ್ಬರನ್ನೊಬ್ಬರು ದೂಡುವ ಕುಸ್ತಿ ಇದೆಯಲ್ಲ, ಅದನ್ನೇ ಪುಟ್ಟ ಯಂತ್ರಗಳು ಮಾಡುವುದು. ದುಂಡನೆಯ ಕಪ್ಪು ಅಖಾಡ, ಅದರ ಅಂಚಿಗೆ ಬಿಳಿ ಪಟ್ಟಿ. ಎದುರಾಳಿಯನ್ನು ಅಖಾಡದಿಂದ ಹೊರಗೆ ದೂಡಿದವನು ಗೆದ್ದ. ಯಂತ್ರವನ್ನು ಯಾರೂ ಕೈಯಲ್ಲಿ ಆಡಿಸುವಂತಿಲ್ಲ. ಅದು ತಾನೇ ನೋಡಬೇಕು, ತಾನೇ ನಿರ್ಧರಿಸಬೇಕು. ಅದಕ್ಕೆ ಎದುರಾಳಿಯನ್ನು ಹುಡುಕಲು ಮುಂದೆ ಕಣ್ಣು, ಬಿಳಿ ಪಟ್ಟಿ ಕಂಡ ಕೂಡಲೇ ಹಿಂದೆ ಸರಿಯಲು ಹೊಟ್ಟೆಯ ಕೆಳಗೆ ಕಣ್ಣು. ಈ ಕಣ್ಣುಗಳ ಮಾತು ಕೇಳಿ ಮೋಟಾರಿಗೆ ಅಪ್ಪಣೆ ಕೊಡುವ ಬೋರ್ಡನ್ನು ಪ್ರೇಕ್ಷಾ ಅಂಗಡಿಯಿಂದ ತಂದಿರಲಿಲ್ಲ. ತಾನೇ ಗೀಟು ಹಾಕಿ, ತಾನೇ ತಾಮ್ರ ಕೊರೆದು, ಬಿಡಿಭಾಗಗಳ ಒಂದೊಂದು ಕಾಲನ್ನೂ ತಾನೇ ಬೆಸೆದು ಮಾಡಿದ್ದಳು. ಹಸಿರು ಬಣ್ಣದ, ಅಂಗೈಯಷ್ಟಗಲದ ಬೋರ್ಡು. ಅದನ್ನು ಊಟದ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿಕೊಂಡು ಓಡಾಡುತ್ತಿದ್ದಳು.

"ಅಂಕಲ್, ಲ್ಯಾಬ್ ಸಿಕ್ಕಿದ್ರೆ ಟೆಸ್ಟಿಂಗ್ ಪ್ರಾಪರ್ ಆಗ್ತದೆ. ಮನೇಲಿ ಜಾಗಾ ಹೀ ನಹೀ ಹೈ," ಎಂದಳು ಪ್ರೇಕ್ಷಾ.

ನಮ್ಮ ಅಧ್ಯಕ್ಷರು ಲೋಕನಾಥಣ್ಣ. ತುರ್ಭೆಯಲ್ಲಿ ಹೋಟೆಲು. ಒಳ್ಳೆಯ ಮನುಷ್ಯರು, ಒಳ್ಳೆಯತನಕ್ಕೆ ಸಾಕ್ಷಿ ಬೇಕಾದವರಿಗೆ ಗೋಡೆ ತುಂಬ ಫಲಕಗಳಿವೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು, "ಕೀ ಕೊಡ್ಲಿಕ್ಕೆ ನಮಗೇನು ಬೇಜಾರಿಲ್ಲ ಮಾರಾಯ್ತಿ. ಆದ್ರೆ ಕುರ್ಚಿ ಎಲ್ಲ ಎಲ್ಲಿಡುವುದು? ನೀವೊಂದು ಕೆಲಸ ಮಾಡಿ. ಕಲ್ಯಾಣದಲ್ಲಿ ಎಂಥದೋ ಸ್ಪರ್ಧೆ ಉಂಟಲ್ಲ, ಅದ್ರಲ್ಲಿ ಒಂದು ಕುಸ್ತಿ ಗೆದ್ದು ಬನ್ನಿ. ಒಂದೇ ಸಾಕು. ಕೀ ನಿಮ್ಮ ಕೈಗೆ."

"ಪಕ್ಕಾ, ಅಂಕಲ್?"

"ನಾನು ಮಾತು ತಪ್ಪಿದ್ದು ಉಂಟಾ ಸರ್ವೋತ್ತಮ?"

ಇಲ್ಲವೆಂದು ನಾನು ದಾಖಲಿಸಿಕೊಂಡೆ. ಸಂಘದ ವತಿಯಿಂದ ಯಂತ್ರಕ್ಕೆ ಎರಡು ಮೋಟಾರುಗಳನ್ನು ಅಧ್ಯಕ್ಷರೇ ಕೊಡಿಸುವುದೆಂದೂ ನಿರ್ಣಯವಾಯಿತು. ಹುಡುಗಿಯ ಮುಖ ಅರಳಿತು. ಅವಳು ಸಂಘದ ನಿಯಮಾವಳಿ ಓದಿದವಳಲ್ಲ.

ಮೋಟಾರು ಬಂದ ಮೇಲೆ ಯಂತ್ರಕ್ಕೆ ಹೆಸರು ಬೇಕಾಯಿತು. ಮಕ್ಕಳು ಏನೋ ಹುಲಿ, ಸಿಡಿಲು ಎಂದೆಲ್ಲ ಯೋಚಿಸಿದ್ದರು. ಅಧ್ಯಕ್ಷರ ತೀರಿಹೋದ ತಾಯಿಯ ಹೆಸರು ಬಾಗಿ. ಹೋಟೆಲು ಶುರುವಾದ ಕಾಲದಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತು ಇಡೀ ಅಂಗಡಿಯ ಹಿಟ್ಟು ರುಬ್ಬಿದ ಹೆಂಗಸು. ಊರಿನಿಂದ ಬಂದವರಿಗೆಲ್ಲ ಊಟ ಹಾಕಿ, ತಾನು ಕೊನೆಗೆ ಉಂಡವಳು. ಅವರನ್ನು ನಾನೂ ಕಂಡಿದ್ದೇನೆ, ಅವರ ಕೈಯ ಗಂಜಿಯನ್ನೂ ಉಂಡಿದ್ದೇನೆ. ಆ ಋಣದ ಮುಂದೆ ಸಿಡಿಲಿನ ಹೆಸರು ನಿಲ್ಲುವಂತಿರಲಿಲ್ಲ. 'ದಿವಂಗತ ಬಾಗಿ ಅಮ್ಮ ಸ್ಮಾರಕ ಸುಮೋ ಯಂತ್ರ' ಎಂಬ ಹೆಸರು ಸರ್ವಾನುಮತದಿಂದ ಅಂಗೀಕಾರವಾಯಿತು. ಠಾಣೆಯ ಕೆತ್ತನೆಯವನಿಂದ ಹಿತ್ತಾಳೆಯ ಫಲಕ ಬಂತು. ಅದನ್ನು ಎತ್ತಿದಾಗ ನನ್ನ ಮಣಿಕಟ್ಟು ಉಳುಕಿತು.

ಅಂಬರೀಶ ಫಲಕವನ್ನು ಕೈಯಲ್ಲಿ ತೂಗಿ ನೋಡಿ ಗಾಬರಿಯಾದ. "ಸರ, ಮೂರು ಕೇಜಿಗಿಂತ ಒಂದು ಗ್ರಾಂ ಹೆಚ್ಚಾದ್ರೂ ಹೊರಗ ಹಾಕ್ತಾರ್ರಿ. ನಮ್ಮ ಯಂತ್ರ ಆಗ್ಲೇ ಮೂರಕ್ಕ ಸ್ವಲ್ಪ ಕಮ್ಮಿ ಅದ. ಇದನ್ನ ಎಲ್ಲಿ ಕೂಡಸೂಣ್ರಿ?"

"ಸ್ಟಿಕ್ಕರ್ ಲಗಾಯೇಂಗೆ ಅಂಕಲ್," ಎಂದಳು ಪ್ರೇಕ್ಷಾ. "ಸೇಮ್ ಹೆಸರು, ಪ್ರಿಂಟ್ ಮಾಡಿ ಅಂಟಿಸುವಾ."

ಅಧ್ಯಕ್ಷರಿಗೆ ನೋವಾಯಿತು. "ಸ್ಟಿಕ್ಕರ್ ಅಂಟಿಸ್ಲಿಕ್ಕೆ ನನ್ನ ಅಮ್ಮ ಎಂಥ ರಿಕ್ಷಾವಾ?"

ಹಿತ್ತಾಳೆಯೇ ಇರತಕ್ಕದ್ದೆಂದು ನಾನು ದಾಖಲಿಸಿಕೊಂಡೆ.

ಅಷ್ಟರಲ್ಲಿ ಸುದ್ದಿ ಹಬ್ಬಿತು. ಅಧ್ಯಕ್ಷರಿಗೆ ಫಲಕ ಉಂಟೆಂದ ಮೇಲೆ ಉಳಿದವರಿಗೆ ಯಾಕಿಲ್ಲ? ಮಹಿಳಾ ವಿಭಾಗದ ಅಧ್ಯಕ್ಷೆ ವಾರಿಜಕ್ಕ ಯಂತ್ರದ ಹೊದಿಕೆಗೆ ತಗಡು ಕೊಟ್ಟರು, ಜೊತೆಗೆ ಮಹಿಳಾ ವಿಭಾಗದ ಫಲಕ. ಒಬ್ಬರು ನಟ್ಟು ಕೊಟ್ಟರು, ಇನ್ನೊಬ್ಬರು ಬೋಲ್ಟು. ನಟ್ಟಿನ ಫಲಕಕ್ಕಿಂತ ಬೋಲ್ಟಿನ ಫಲಕ ಉದ್ದವಾಯಿತೆಂದು ನಟ್ಟಿನವರು ಇನ್ನೊಂದು ಕೊಟ್ಟರು. ಕೊಡಲು ಬಿಡಿಭಾಗ ಉಳಿಯದವರು 'ಪ್ರೋತ್ಸಾಹಕರು' ಎಂಬ ಫಲಕ ಕೊಟ್ಟರು. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎಂದು ಹೊರಗಿನವರು ಹೇಳಬಹುದು. ಅವರು ಹೊರಗಿನವರು.

ಯಂತ್ರದ ಅಗಲಕ್ಕೆ ಮಿತಿ ಉಂಟು, ಉದ್ದಕ್ಕೆ ಮಿತಿ ಉಂಟು, ಎತ್ತರಕ್ಕೆ ಇಲ್ಲ ಎಂಬುದನ್ನು ಸ್ಪರ್ಧೆಯ ನಿಯಮಗಳಲ್ಲಿ ಕಂಡುಹಿಡಿದವರು ಪ್ರಾಚಾರ್ಯ ಲತೇಶರು. ಕೂಡಲೇ ಫಲಕಗಳನ್ನು ಒಂದರ ಮೇಲೊಂದು ಏರಿಸಿ, ನಾಲ್ಕೂ ಕಡೆಗೆ ಮುಖ ಮಾಡಿ ಗೋಪುರ ಕಟ್ಟಲಾಯಿತು. ಜಾಗದ ಸಮಸ್ಯೆ ಹೀಗೆ ಬಗೆಹರಿಯಿತು. ತೂಕದ್ದು ಉಳಿಯಿತು. ಅದಕ್ಕಾಗಿ ನಾನು ಈ ಕೆಳಗಿನ ಪ್ರಕಟಣೆಯನ್ನು ಹೊರಡಿಸಬೇಕಾಯಿತು:

'ಸಂಬಂಧಪಟ್ಟವರೆಲ್ಲರ ಗಮನಕ್ಕೆ. ಯಂತ್ರದ ತೂಕವು ಮಿತಿಯನ್ನು ಮೀರಿರುವುದರಿಂದ, ದಾನಿಯ ಹೆಸರನ್ನು ಹೊಂದಿರದ ಬಿಡಿಭಾಗಗಳನ್ನು ಅನವಶ್ಯಕವೆಂದು ಪರಿಗಣಿಸಿ ತೆಗೆಯತಕ್ಕದ್ದು. ಹೆಸರುಳ್ಳ ಭಾಗವನ್ನು ಯಾವ ಕಾರಣಕ್ಕೂ ತೆಗೆಯತಕ್ಕದ್ದಲ್ಲ, ತಿರುಗಿಸತಕ್ಕದ್ದಲ್ಲ, ಮುಖ ಗೋಡೆಗೆ ಬರುವಂತೆ ಇಡತಕ್ಕದ್ದಲ್ಲ. ಸ್ವಂತ ದುಡಿಮೆಯನ್ನು ದಾನವೆಂದು ಪರಿಗಣಿಸಲಾಗುವುದಿಲ್ಲ.'

ಕೊನೆಯ ವಾಕ್ಯ ಸೇರಿಸಿದ್ದು ಪ್ರೇಕ್ಷಾಳ ಸಲುವಾಗಿ. ಬೋರ್ಡಿನ ಮೇಲೆ ತನ್ನದೇ ಹೆಸರು ಬರೆದುಬಿಡುತ್ತೇನೆ, ಆಗ ಅದು ಉಳಿಯುತ್ತದೆಯಲ್ಲ ಎಂದು ಅವಳು ಕೇಳಿದ್ದಳು. ಆ ದಾರಿ ತೆರೆದರೆ ನಾಳೆ ಅಡುಗೆಯವರು ಅನ್ನದ ಮೇಲೆ ಹೆಸರು ಬರೆಯುತ್ತಾರೆ ಎಂದು ವಾರಿಜಕ್ಕ ಎಚ್ಚರಿಸಿದರು.

ಹಾಗಾಗಿ ಮೊದಲು ಬ್ಯಾಟರಿ ಹೋಯಿತು. ಅದು ಮಕ್ಕಳು ತಾವೇ ಕೊಂಡದ್ದು. ಆಮೇಲೆ ಮುಂದಿನ ಕಣ್ಣು, ಹೊಟ್ಟೆಯ ಕಣ್ಣು. ಎದುರಾಳಿಯ ಕೆಳಗೆ ನುಗ್ಗುವ ಕಬ್ಬಿಣದ ಪಟ್ಟಿಯನ್ನು ಯಂಕಪ್ಪನವರು ತಂದುಕೊಟ್ಟಿದ್ದರು. ತಂದುಕೊಡುವುದು ಸಾಗಾಣಿಕೆಯೇ ಹೊರತು ದಾನವಲ್ಲವಾದ್ದರಿಂದ ಅದೂ ಹೋಯಿತು. ಗಾಲಿ ಬಿಚ್ಚಿದರೆ ಗೋಪುರ ವಾಲುತ್ತದೆಂದು ಗಾಲಿಗಳಿಗೆ ತಾತ್ಕಾಲಿಕ ಅನುಮತಿ ಸಿಕ್ಕಿತು. ಕಟ್ಟಕಡೆಗೆ ತಕ್ಕಡಿ ಇನ್ನೂ ಚೂರು ಹೆಚ್ಚು ತೋರಿಸುತ್ತಿತ್ತು. ಎಲ್ಲರೂ ಹಸಿರು ಬೋರ್ಡಿನ ಕಡೆಗೆ ನೋಡಿದರು.

"ಅಂಕಲ್, ಯೇ ಬ್ರೈನ್ ಹೈ," ಎಂದಳು ಪ್ರೇಕ್ಷಾ. ಸ್ವರ ಸಣ್ಣದಾಗಿತ್ತು. "ಇದನ್ನು ತೆಗೆದ್ರೆ ಅದು ಮೂವ್ ಆಗೂದಿಲ್ಲ. ಸುಮ್ಮನೆ ನಿಲ್ತದೆ."

ಅಧ್ಯಕ್ಷರು ಗೋಪುರದ ತುದಿಯಲ್ಲಿದ್ದ ತಾಯಿಯ ಹೆಸರನ್ನು ನೋಡಿದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ನಿಲ್ಲಲಿ ಮಗಾ. ನಮ್ಮಮ್ಮ ಜೀವಮಾನದಲ್ಲಿ ಯಾರನ್ನೂ ದೂಡಿದವಳಲ್ಲ."

ಪ್ರೇಕ್ಷಾ ಸ್ಕ್ರೂಗಳನ್ನು ತಾನೇ ಬಿಚ್ಚಿದಳು, ಬೇರೆಯವರ ಕೈಗೆ ಕೊಡಲಿಲ್ಲ. ಬೋರ್ಡನ್ನು ಮತ್ತೆ ಡಬ್ಬಿಯ ಹತ್ತಿಯ ಮೇಲೆ ಮಲಗಿಸಿ ಮುಚ್ಚಳ ಹಾಕಿದಳು. ನನಗೆ ಬಹಳ ಬೇಸರವಾಯಿತು. ಆದರೆ ಆ ಬೇಸರಕ್ಕೆ ಸಭೆಯಲ್ಲಿ ಸೂಚಕರೂ ಸಿಗಲಿಲ್ಲ, ಅನುಮೋದಕರೂ ಸಿಗಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಯಂತ್ರಕ್ಕೆ ಪೂಜೆಯಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಯಂತ್ರ ತಾನಾಗಿ ಚಲಿಸುವಂತಿರಲಿಲ್ಲವಾದ್ದರಿಂದ ಅಧ್ಯಕ್ಷರು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಹಿಡಿದು ನಿಂಬೆಹಣ್ಣಿನ ಮೇಲೆ ಹಾಯಿಸಿದೆವು. ಬಳಿಕ ಘಣಸೋಲಿಯಿಂದ ಠಾಣೆಗೆ, ಠಾಣೆಯಿಂದ ಕಲ್ಯಾಣಕ್ಕೆ ಲೋಕಲ್ ಹಿಡಿದೆವು. ಅಂಬರೀಶ ಅದನ್ನು ಟವೆಲು ಸುತ್ತಿ ತಲೆಯ ಮೇಲೆ ಹೊತ್ತಿದ್ದ. ಠಾಣೆಯಲ್ಲಿ ಹತ್ತಿದ್ದು ಕಾಲಿಡಲು ಜಾಗವಿಲ್ಲದ ಬೋಗಿ. ಅಷ್ಟರಲ್ಲಿ ಟವೆಲು ಜಾರಿ ಹಿತ್ತಾಳೆ ಹೊಳೆಯಿತು.

"ದೇವ್ ಆಹೆ, ದೇವ್! ಜಾಗಾ ದ್ಯಾ!" ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಕಿಟಕಿಯ ಪಕ್ಕ ಕೂತಿದ್ದವರು ಎದ್ದು ಯಂತ್ರಕ್ಕೆ ಸೀಟು ಬಿಟ್ಟುಕೊಟ್ಟರು. ಕಲ್ಯಾಣ ಲೋಕಲಿನಲ್ಲಿ ನನ್ನ ಇಷ್ಟು ವರ್ಷಗಳ ಓಡಾಟದಲ್ಲಿ ಇಂಥ ಗೌರವವನ್ನು ನಾನು ಗರ್ಭಿಣಿಯರಿಗೂ ಕಂಡಿಲ್ಲ. ಅಧ್ಯಕ್ಷರಾದಿಯಾಗಿ ನಾವೆಲ್ಲ ನೇತಾಡುತ್ತ ಹೋದೆವು. ದಿವಾದಲ್ಲಿ ಹತ್ತಿದ ಹೆಂಗಸೊಬ್ಬಳು ಯಂತ್ರಕ್ಕೆ ಕೈಮುಗಿದು ಒಂದು ದಾಸವಾಳ ಇಟ್ಟಳು.

ಸ್ಪರ್ಧೆ ಒಂದು ಇಂಜಿನಿಯರಿಂಗ್ ಕಾಲೇಜಿನ ಸಭಾಂಗಣದಲ್ಲಿ. ತೂಕ ನೋಡಿದರು: ಮೂರಕ್ಕೆ ಸರಿಯಾಗಿ ಮೂರು. ನಮ್ಮ ಎದುರಾಳಿ ಠಾಣೆಯ ತಂಡದ ಯಂತ್ರ. ಚಪ್ಪಟೆಯಾಗಿ, ಕಪ್ಪಾಗಿ, ಮೈಮೇಲೆ ಒಂದೂ ಹೆಸರಿಲ್ಲದೆ ಅನಾಥವಾಗಿ ಕೂತಿತ್ತು. ಅದರ ಓಟವನ್ನು ನಾವು ಅಭ್ಯಾಸದಲ್ಲೇ ನೋಡಿದ್ದೆವು. ಚಿಗರೆಯ ಹಾಗೆ ನುಗ್ಗುತ್ತಿತ್ತು. ಪ್ರೇಕ್ಷಾ ಅದರ ಬೋರ್ಡನ್ನೇ ಆಸೆಯಿಂದ ನೋಡುತ್ತಿದ್ದಳು.

ಸಂಘದ ಕಾರ್ಯಕ್ರಮವೆಂದರೆ ವಿಡಿಯೋ ಬೇಕೇ ಬೇಕು. ನಮ್ಮ ಖಾಯಂ ವಿಡಿಯೋದವನು ಹಿತೇಶ್. ಅವನಲ್ಲಿ ಮದುವೆ ಮನೆಯ ದೊಡ್ಡ ಲೈಟು ಉಂಟು. ಅದನ್ನು ಬೆಳಗಿಸಿದರೆ ಮದುಮಗಳ ಮೇಕಪ್ಪು ಕರಗುತ್ತದೆ. ಎಲ್ಲ ದಾನಿಗಳ ಹೆಸರೂ ಸ್ಪಷ್ಟವಾಗಿ ಬರಬೇಕೆಂದು ಅಧ್ಯಕ್ಷರು ಆಜ್ಞಾಪಿಸಿದ್ದರು. ಹಿತೇಶ್ ಅಖಾಡದ ಪಕ್ಕ ಸ್ಟೂಲು ಹತ್ತಿ, ಲೈಟನ್ನು ನೇರವಾಗಿ ಗೋಪುರದ ಮೇಲೆ ಬಿಟ್ಟ.

ತೀರ್ಪುಗಾರ ಸೀಟಿ ಊದಿದ. ಪ್ರೇಕ್ಷಾ ಬಗ್ಗಿ ಸ್ವಿಚ್ಚು ಒತ್ತಿದಳು. ಆ ಸ್ವಿಚ್ಚಿನಿಂದ ಎಲ್ಲಿಗೂ ತಂತಿ ಹೋಗಿರಲಿಲ್ಲ. ಆದರೂ ನಿಯಮದ ಪ್ರಕಾರ ಒತ್ತಿ, ನಿಯಮದ ಪ್ರಕಾರ ಹಿಂದೆ ಸರಿದಳು.

ಠಾಣೆಯ ಯಂತ್ರ ಮುಂದೆ ನುಗ್ಗಿತು. ಅರ್ಧ ದಾರಿಗೆ ಬಂದು ಗಕ್ಕನೆ ನಿಂತಿತು. ಹಿಂದೆ ಸರಿಯಿತು. ಪಕ್ಕಕ್ಕೆ ತಿರುಗಿತು, ಮತ್ತೆ ನಿಂತಿತು. ಉಜ್ಜಿ ಉಜ್ಜಿ ಹೊಳಪು ಬರಿಸಿದ ನಮ್ಮ ಫಲಕಗಳಿಂದ ಹಿತೇಶನ ಬೆಳಕು ಚಿಮ್ಮಿ, ಕಪ್ಪು ಅಖಾಡದ ತುಂಬ ಬಿಳಿ ಪಟ್ಟಿಗಳಾಗಿ ಬಿದ್ದಿತ್ತು. ಪಾಪದ ಯಂತ್ರಕ್ಕೆ ಎತ್ತ ನೋಡಿದರೂ ಅಂಚೇ ಕಂಡಿತು. ಅಂಚು ಕಂಡರೆ ಹಿಂದೆ ಸರಿಯಬೇಕೆಂದು ಅದಕ್ಕೆ ಚೆನ್ನಾಗಿ ಕಲಿಸಿದ್ದರು. ಅದು ಮಹಿಳಾ ವಿಭಾಗದಿಂದ ಹಿಂದೆ ಸರಿಯಿತು, ಪ್ರೋತ್ಸಾಹಕರಿಂದ ಹಿಂದೆ ಸರಿಯಿತು, ಕೊನೆಗೆ ನಟ್ಟಿನ ದಾನಿಗಳ ಬೆಳಕು ಬಿದ್ದಲ್ಲಿಂದ ರಭಸದಿಂದ ಹಿಂದೆ ಸರಿದು, ಹಿಮ್ಮುಖವಾಗಿ ಅಖಾಡದಿಂದ ಕೆಳಗೆ ಬಿತ್ತು.

ಮೂರರಲ್ಲಿ ಎರಡು ಸಲ ಗೆಲ್ಲಬೇಕಿತ್ತು, ಎರಡನೆಯ ಸಲವೂ ಹಾಗೇ ಆಯಿತು. ತೀರ್ಪುಗಾರ ನಿಯಮ ಪುಸ್ತಕವನ್ನು ಹಿಂದೆ ಮುಂದೆ ಮಗುಚಿದ. ಮೊದಲು ಹೊರಗೆ ಬಿದ್ದವನು ಸೋತ ಎಂದು ಅದರಲ್ಲಿತ್ತು. ಗೆದ್ದವನು ಅಲುಗಾಡಿರಬೇಕು ಎಂದು ಎಲ್ಲಿಯೂ ಇರಲಿಲ್ಲ. ಬಾಗಿ ಅಮ್ಮ ಗೆದ್ದರು.

"ನೋಡಿದ್ರಾ!" ಎಂದು ಅಧ್ಯಕ್ಷರು ನನ್ನನ್ನು ತಬ್ಬಿಕೊಂಡರು. "ಅಮ್ಮ ಹೀಗೇ! ಸುಮ್ಮನೆ ನಿಂತ್ರೆ ಸಾಕು, ಎದುರಿದ್ದವರು ಹಿಂದೆ ಹೋಗ್ತಿದ್ರು!"

ವಾರಿಜಕ್ಕ ಪ್ರೇಕ್ಷಾಳ ಗಲ್ಲ ಹಿಂಡಿದರು. "ಎಂಥ ಹೇಳಿದ್ಯಾ ನೀನು, ಬೋರ್ಡ್ ಇಲ್ಲದಿದ್ರೆ ಆಗೂದಿಲ್ಲ ಅಂತ? ಈಗ ಆಯ್ತಲ್ಲ?"

"ಆಯ್ತು ಆಂಟಿ," ಎಂದಳು ಹುಡುಗಿ. ಗೆದ್ದವರ ಮುಖ ಹಾಗಿರುವುದಿಲ್ಲ. ಅವಳ ಕೈ ಚೀಲದೊಳಗೆ ಡಬ್ಬಿಯ ಮೇಲಿತ್ತು.

ಅಂಬರೀಶ ಮಾತ್ರ ಸಮಾಧಾನ ಹೇಳಿದ. "ಯಾಕ ಮಾರಿ ಸಪ್ಪಗ ಮಾಡ್ಕೊಂಡಿ? ಹೆಂಗರ ಗೆದ್ದಿವಿ. ಕೀಲಿ ಬರತದ ನಡಿ. ಲ್ಯಾಬ್ ಸಿಕ್ಕರ ಸಾಕಲ್ಲ ನಮಗ?"

ಅದನ್ನು ಕೇಳಿದ ಮೇಲೆ ಅವಳ ಮುಖ ಸ್ವಲ್ಪ ತಿಳಿಯಾಯಿತು. ಮುಂದಿನ ಸುತ್ತಿನಲ್ಲಿ ಕಣ್ಣು ಕುಕ್ಕುತ್ತದೆಂದು ತೀರ್ಪುಗಾರ ಲೈಟು ಆರಿಸಿದ. ಆ ಸುತ್ತಿನಲ್ಲಿ ನಮ್ಮ ಯಂತ್ರವು ಸೀಟಿ ಊದಿದ ಕೂಡಲೇ ಅಖಾಡದಿಂದ ಹೊರಗೆ ದಯಮಾಡಿಸಿತು. ವರದಿಯಲ್ಲಿ ಇದನ್ನು ನಾನು 'ಇತರರಿಗೆ ಅವಕಾಶ ಮಾಡಿಕೊಟ್ಟಿತು' ಎಂದು ದಾಖಲಿಸಿದ್ದೇನೆ.

ಲೋಕನಾಥಣ್ಣ ಮಾತು ತಪ್ಪುವವರಲ್ಲ. ಬೀಗದ ಕೈ ಹಸ್ತಾಂತರಕ್ಕೆಂದೇ ಸಮಾರಂಭ ಏರ್ಪಾಟಾಯಿತು. ಮೊದಲಿಗೆ ಯಂತ್ರಕ್ಕೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಆಮೇಲೆ ದಾನಿಗಳಿಗೆ ಒಬ್ಬೊಬ್ಬರಿಗೂ ಶಾಲು. ಶಾಲು ಮುಗಿದದ್ದರಿಂದ ಮಕ್ಕಳಿಗೆ ಹೂವು. ಬಳಿಕ ಅಧ್ಯಕ್ಷರು ಘೋಷಿಸಿದರು: ನಿಂತು ಗೆದ್ದ ಈ ಯಂತ್ರ ಸಂಘದ ಆಸ್ತಿ. ಇದಕ್ಕೆ ಧೂಳು ತಾಗದ, ಭದ್ರವಾದ, ಗೌರವದ ಒಂದು ಸ್ಥಳ ಬೇಕು. ಕುರ್ಚಿ, ಹಂಡೆಗಳನ್ನೆಲ್ಲ ತರಗತಿಗೆ ಸಾಗಿಸಿ, ಪ್ರಯೋಗಾಲಯವನ್ನು ಸಂಪೂರ್ಣವಾಗಿ ಖಾಲಿ ಮಾಡಲಾಗಿದೆ. ನಟ್ಟ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಯಂತ್ರ ವಿರಾಜಮಾನವಾಗಲಿದೆ. ಧೂಳು ವಿದ್ಯಾರ್ಥಿಗಳ ಚಪ್ಪಲಿಯಿಂದ ಬರುವುದರಿಂದ ಅವರಿಗೆ ಪ್ರವೇಶವಿಲ್ಲ.

"ಮತ್ತೆ ಕೀ, ಅಂಕಲ್?" ಪ್ರೇಕ್ಷಾ ವೇದಿಕೆಯ ಮೇಲೆಯೇ ಕೇಳಿದಳು.

"ಬಂತು ಮಗಾ, ಬಂತು!"

ಇಬ್ಬರು ಹೊತ್ತು ತಂದರು. ಥರ್ಮಾಕೋಲಿನ ಬೀಗದ ಕೈ, ಹುಡುಗಿಯಷ್ಟೇ ಎತ್ತರ. ಚಿನ್ನದ ಬಣ್ಣದ ಕಾಗದ ಸುತ್ತಿ, ಉದ್ದಕ್ಕೂ ದಾನಿಯ ಹೆಸರು ಬರೆದಿತ್ತು. ಹಿತೇಶ್ ಲೈಟು ಬಿಟ್ಟ. ಪ್ರೇಕ್ಷಾ ಅದನ್ನು ತಬ್ಬಿ ಹಿಡಿದು ನಿಂತಳು. ಎತ್ತರದ ಬೀಗದ ಕೈಯ ಹಿಂದೆ ಮುಖ ಕಾಣುತ್ತಿರಲಿಲ್ಲ. ವಿಡಿಯೋದಲ್ಲಿ ಹೆಸರು ಚೆನ್ನಾಗಿ ಬಂದಿದೆ. ದೇವರು ಕೊಟ್ಟರೂ ಪೂಜಾರಿ ಬಿಡ ಎಂದು ಅಂಬರೀಶ ಮೆಲ್ಲಗೆ ಹೇಳಿದ್ದು ಕೇಳಿಸಿತು. ಯಾರನ್ನು ಕುರಿತು ಹೇಳಿದನೆಂದು ವಿಚಾರಿಸಲು ಹೋಗಲಿಲ್ಲ; ಊಟದ ಸಾಲು ಶುರುವಾಗಿತ್ತು.

ನಿಜವಾದ ಬೀಗದ ಕೈ ಎಂದಿನಂತೆ ಅಧ್ಯಕ್ಷರ ಅಂಗಿಯ ಒಳಗಿಸೆಯಲ್ಲಿ ಎಂದು ಕೆಲವರು, ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಎಂದು ಕೆಲವರು ಹೇಳುತ್ತಾರೆ. ಅದು ಇದ್ದಲ್ಲಿ ಕ್ಷೇಮವಾಗಿದೆ ಎಂಬುದು ಮುಖ್ಯ.

ಈ ಗೆಲುವಿನ ಪರಿಣಾಮ ದೂರದವರೆಗೂ ಮುಟ್ಟಿತು. ಠಾಣೆಯ ತಂಡದವರು ನನಗೆ ಫೋನು ಮಾಡಿ ಕೆತ್ತನೆಯವನ ವಿಳಾಸ ಕೇಳಿದರು. ನಮ್ಮ ವಿದ್ಯಾಲಯದಲ್ಲಿ ಹಿತ್ತಾಳೆ ಉಜ್ಜುವುದನ್ನು ಪ್ರಾಯೋಗಿಕ ವಿಷಯವಾಗಿ ಸೇರಿಸಿಕೊಳ್ಳಲಾಯಿತು. ಮೊದಲ ಬಾರಿಗೆ ವಿದ್ಯಾರ್ಥಿಗಳ ಕೈಗೆ ಏನೋ ಒಂದು ಸಿಕ್ಕಿತೆಂದು ಲತೇಶರು ಸಂತೋಷಪಟ್ಟರು.

ಮುಂದಿನ ವರ್ಷದ ಸ್ಪರ್ಧೆಗೆ ಹೊಸ ಯಂತ್ರ ಮಾಡುವ ಕುರಿತು ಮಾತಾಡಲು ಒಂದು ಭಾನುವಾರ ನಾನು ದಿವಾದ ಪ್ರೇಕ್ಷಾಳ ಮನೆಗೆ ಹೋದೆ. ಒಳಗೆ ಕಾಲಿಟ್ಟರೆ ಥರ್ಮಾಕೋಲಿನ ಬೀಗದ ಕೈ ಗೋಡೆಗೆ ಒರಗಿ ನಿಂತಿದೆ. ಅದರ ಉದ್ದಕ್ಕೂ ಸಾಲಾಗಿ ಡಯೋಡುಗಳು, ಸಣ್ಣಪುಟ್ಟ ಚಿಪ್‌ಗಳು, ಸೂಜಿ ಕಾಲಿನ ಬಿಡಿಭಾಗಗಳು ಚುಚ್ಚಿ ನಿಂತಿವೆ. ಥರ್ಮಾಕೋಲಿಗೆ ಚುಚ್ಚಿಟ್ಟರೆ ಕಾಲು ಮುರಿಯುವುದಿಲ್ಲ, ಕಳೆಯುವುದೂ ಇಲ್ಲವಂತೆ. ದಾನಿಯ ಹೆಸರಿನ ಮೇಲೆ ಮಾತ್ರ ಒಂದೂ ಚುಚ್ಚಿರಲಿಲ್ಲ. ಹುಡುಗಿ ನಿಯಮ ಕಲಿತಿದ್ದಾಳೆ ಎಂದು ನನಗೆ ಹೆಮ್ಮೆಯಾಯಿತು.

"ಬನ್ನಿ ಮಾಮಾ, ಲ್ಯಾಬಲ್ಲೇ ಕೂತ್ಕೊಳ್ಳಿ," ಎಂದಳು. ಅಜ್ಜಿ ಮೂಲೆಯಲ್ಲಿ ಕೆಮ್ಮಿದರು. ಅವಳು ಎದ್ದು ಕಿಟಕಿ ತೆಗೆದಳು.

ಆಮೇಲೆ ಊಟದ ಡಬ್ಬಿಯನ್ನು ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಹತ್ತಿಯ ಮೇಲೆ ಹೊಸ ಬೋರ್ಡು. ಅದೇ ಹಸಿರು, ಅದೇ ಅಂಗೈಯಗಲ. ಆದರೆ ತಂತಿಗೆರೆಗಳ ನಡುವೆ ಖಾಲಿ ಇದ್ದ ಕಡೆಯೆಲ್ಲ ತಾಮ್ರದಲ್ಲಿ ಚೆಂದದ ಕನ್ನಡ ಅಕ್ಷರಗಳು ಹೊಳೆಯುತ್ತಿದ್ದವು. ಮೇಲ್ಗಡೆ ದಿವಂಗತ ಬಾಗಿ ಅಮ್ಮ. ಅವರ ಕೆಳಗೆ ಲೋಕನಾಥ. ವಾರಿಜಾ ಮತ್ತು ಮಹಿಳಾ ವಿಭಾಗ. ನಟ್ಟಿನವರು, ಬೋಲ್ಟಿನವರು ಒಂದೇ ಅಳತೆಯಲ್ಲಿ. ಒಬ್ಬರನ್ನೂ ಬಿಟ್ಟಿರಲಿಲ್ಲ. ಕನ್ನಡ ಓದಲು ಬಾರದ ಹುಡುಗಿ ಒತ್ತಕ್ಷರಗಳನ್ನೂ ತಪ್ಪಿಲ್ಲದೆ ಬರೆದಿದ್ದಳು. ಅಂಬರೀಶನ ಹತ್ತಿರ ಕೇಳಿ ಕೇಳಿ ಬರೆದಳಂತೆ.

"ಈಗ ಯಾರೂ ತೆಗೆಯೂದಿಲ್ಲ ಅಲ್ವಾ ಮಾಮಾ?" ಎಂದಳು. "ಎಲ್ಲರ ನಾಮ್ ಉಂಟು. ನನ್ನದು ಎಲ್ಲೂ ಇಲ್ಲ. ವೆಯ್ಟ್ ಕೂಡ ಇಲ್ಲ."

"ಈ ಹೆಸರುಗಳಲ್ಲಿ ಕರೆಂಟ್ ಹರಿಯುತ್ತದೋ?" ಎಂದು ಕೇಳಿದೆ.

"ಇಲ್ಲ ಮಾಮಾ. ಅವಕ್ಕೆ ಎಲ್ಲಿಗೂ ಕನೆಕ್ಷನ್ ಇಲ್ಲ. ಇದ್ರೂ ಮಷೀನ್ ಓಡ್ತದೆ, ಇಲ್ಲದಿದ್ರೂ ಓಡ್ತದೆ."

ಎರಡೂ ಉತ್ತರ ತೃಪ್ತಿಕರವಾಗಿದ್ದವು. ನಾನು ಅಲ್ಲಿಯೇ ಮಂಜೂರು ಮಾಡುವವನಿದ್ದೆ. ಈ ಬಾರಿ ಅಖಾಡದಲ್ಲಿ ಅವಳ ಬೋರ್ಡು ಓಡುತ್ತದೆ, ಅದನ್ನು ನಾನೇ ಮುಂದೆ ನಿಂತು ನೋಡುತ್ತೇನೆ ಎಂದು ಮನಸ್ಸು ತುಂಬಿ ಬಂದಿತ್ತು. ಆಗ ಬೋರ್ಡಿನ ಕೆಳಮೂಲೆಯಲ್ಲಿ ನನ್ನ ಹೆಸರು ಕಂಡಿತು. 'ಸರ್ವೋ' ಎಂದಿತ್ತು. ಉಳಿದ ಭಾಗದಲ್ಲಿ ಸ್ಕ್ರೂ ತೂತು ಇತ್ತು.

"ಇದು?" ಎಂದೆ.

"ಅದು ಮಾಮಾ... ಆ ಹೋಲ್‌ನಲ್ಲೇ ಬೋರ್ಡ್ ಮಷೀನ್‌ಗೆ ಟೈಟ್ ಆಗೂದು. ಬೇರೆ ಮೂರು ಮೂಲೇಲಿ ಬೇರೆಯವರ ನಾಮ್ ಉಂಟು. ಅಲ್ಲಿ ತೂತು ಮಾಡಿದ್ರೆ ಅವರು ಬೈತಾರೆ. ಅದಕ್ಕೆ ಒಂದೇ ಹೋಲ್ ಇಟ್ಟದ್ದು."

ನಾನು ಸ್ವಂತಕ್ಕೆ ಆಸೆ ಪಡುವವನಲ್ಲ. ಆದರೆ ಹೆಸರುಳ್ಳ ಭಾಗಕ್ಕೆ ಯಾವ ಕಾರಣಕ್ಕೂ ಧಕ್ಕೆ ತರತಕ್ಕದ್ದಲ್ಲ ಎಂಬ ಪ್ರಕಟಣೆಗೆ ಸಹಿ ಹಾಕಿದವನೇ ನಾನು. ನಾನೇ ಅದನ್ನು ಮುರಿದರೆ ನಾಳೆ ಸಂಘದಲ್ಲಿ ಯಾರ ಹೆಸರು ಉಳಿದೀತು? ತೂತನ್ನು ಮುಚ್ಚಿ ಹೆಸರು ಪೂರ್ತಿ ಮಾಡಬೇಕೆಂದು ತಿಳಿಸಿದೆ.

ಪ್ರೇಕ್ಷಾ ಡಬ್ಬಿಯ ಮುಚ್ಚಳ ಹಾಕಿದಳು. ಹೊರಗೆ ಒಂದು ಫಾಸ್ಟ್ ಲೋಕಲ್ ನಿಲ್ಲದೆ ಹೋಯಿತು. "ಆಯ್ತು ಮಾಮಾ," ಎಂದಳು.

ಬೋರ್ಡು ಈಗ ಸರ್ವಾಂಗ ಸಂಪೂರ್ಣವಾಗಿದೆ. ಕಾರ್ಯಕಾರಿ ಸಮಿತಿ ಅದನ್ನು ಚಪ್ಪಾಳೆಯೊಂದಿಗೆ ಅಂಗೀಕರಿಸಿದೆ. ಯಂತ್ರಕ್ಕೆ ಬಿಗಿಯಲು ಸ್ಕ್ರೂ ತೂತು ಉಳಿದಿಲ್ಲವಾದ್ದರಿಂದ, ಅಂಬರೀಶನ ಸಲಹೆಯಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಲು ಅನುಮತಿ ನೀಡಲಾಗಿದೆ. ರಬ್ಬರ್ ಬ್ಯಾಂಡಿಗೆ ದಾನಿಗಳು ಬೇಕಾಗಿದ್ದಾರೆ.